ಶಹಾಬಾದಕ್ಕ ಹೋದ ಲೋಡುಗಳು

ನಾ ಲೋಡು ತುಂಬಿದ್ದು ನಮ್ಮತ್ತಿ ಶರಣಬಸಮ್ಮಗ ಒಂದು ದಿನಾನೂ ಮನಸಿಗಿ ಬಂದದ್ದಿಲ್ಲ. “ಇದು ಲೋಡೇನ ರತ್ನಾ? ಹಡದ ಹೆಂಗಸಿನ ಹೊಟ್ಟಿ ಆಗ್ಯಾದ,” ಅಂತ ಒತ್ತಿ ನೋಡಿ, ನಾ ತುಂಬಿದ ಹತ್ತಿ ಎಲ್ಲಾ ಹೊರಗ ಕಿತ್ತು, ಮತ್ತ ತಾನೇ ತುಂಬಾಕಿ. ಹೆಗಲತನಕ ಕೈ ಒಳಗ ಹಾಕಿ, ಗದ್ದ ಲೋಡಿನ ಬಾಯಿಗಿ ಊರಿ, ಮುಷ್ಟಿಲೆ ಗುದ್ದಿ ಗುದ್ದಿ ತುಂಬತಿದ್ಳು. ಎಪ್ಪತ್ತರ ಮುದುಕಿ, ಗುದ್ದೋದು ನೋಡಿದ್ರ ಪೈಲ್ವಾನ್ ಅನ್ನಬೇಕು. ಆಕಿ ತುಂಬಿದ ಲೋಡಿಗಿ ವರ್ಷಗಟ್ಟಲೆ ಒರಗಿದ್ರೂ ಅದು ಕುಸೀತಿದ್ದಿಲ್ಲ. ಈ ಮಾತು ನಾನೂ ಒಪ್ಪತೀನಿ, ಆದ್ರ ಆಕಿ ಮುಂದ ಒಪ್ಪಿದ್ದಿಲ್ಲ. ಒಪ್ಪಿದ್ರ ತೆಲಿ ಮ್ಯಾಲ ಕುಂದ್ರತಿದ್ಳು.

ಸೇಡಂದಾಗ ನಮ್ಮದು ಹೊಲಿಗಿ ಮನಿ. ನನ್ನ ಗಂಡ ರೇವಣಪ್ಪ ಬಸ್ ಕಂಡಕ್ಟರ್, ದಿನಾ ಹೈದರಾಬಾದಿಗಿ ಹೋಗಿ ಬರಾಂವ. ಮಷೀನು ನನ್ನದು, ತವರಿನಿಂದ ತಂದದ್ದು. ಜಂಪರ, ಲಂಗ ಹೊಲಿಯೋರು ಊರಾಗ ಭಾಳ ಮಂದಿ ಇದ್ರು. ನನ್ನ ಕೈಗಿ ಹೆಸರು ಬಂದದ್ದು ಮ್ಯಾಟಿ ಅರಿವಿಲಿಂದ. ಮ್ಯಾಟಿ ಅಂದ್ರ ದಪ್ಪನ ಹತ್ತಿ ಅರಿವಿ. ಎರಡೆರಡು ನೂಲು ಕೂಡಿಸಿ ಹಾಸು, ಎರಡೆರಡು ಕೂಡಿಸಿ ಹೊಕ್ಕು. ನೇಯ್ದ ಮ್ಯಾಲ ಚಾಪಿ ಹೆಣದಂಗ ಸಣ್ಣ ಸಣ್ಣ ಚೌಕ ಮನಿ ಉಬ್ಬಿ ನಿಲ್ಲತಾವ. ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ಆ ಮನಿ ಎಣಿಸಬಹುದು. ಆ ಮನಿ ಎಣಿಸಿಕೊಂಡೇ ಬಣ್ಣದ ನೂಲಿಲೆ ಹೂವು, ಬಳ್ಳಿ ತೆಗೀಬೇಕು. ಕಿಡಕಿ ಪರದಾ, ಮೇಜಿನ ಹೊದಿಕಿ, ದಿಂಬಿನ ಗಲೀಫ, ಲೋಡಿನ ಚೀಲ, ಯಾವುದಕ್ಕ ಹಾಕಿದ್ರೂ ಮ್ಯಾಟಿಗಿ ಒಂದು ತೂಕ ಇರ್ತದ, ಮನಿಗಿ ಒಂದು ಕಳಾ ಬರ್ತದ.

ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರು ಬಂದ ಮ್ಯಾಲಿನ ಮೊದಲ ಬ್ಯಾಸಗಿ ಅದು. ಶಹಾಬಾದದಾಗ ಫರಸಿ ಕಲ್ಲಿನ ಖಣಿ ನಡಸೋ ಶೌಕತ ಅಲಿ ಸಾಹೇಬರ ಮಗಳ ಮದುವಿ ನಿಕ್ಕಿ ಆಗಿತ್ತು. ಅವರ ಹೆಂಡತಿ ಸರ್ವರಬೇಗಂ ಚಿತ್ತಾಪುರದಾಗ ಯಾರ ಮನ್ಯಾಗೋ ನನ್ನ ಕೈಗೆಲಸ ನೋಡಿ, ಸೇಡಂತನಕ ಹುಡಿಕ್ಕೊಂಡು ಬಂದಿದ್ಳು. ಕಿಡಕಿಗಿ ಪರದಾ, ಮದುಮಗ ದುಲ್ಹಾ ಕುಂದ್ರೋ ಗಾದಿಗಿ ಹೊದಿಕಿ, ಸುತ್ತ ಒರಗಲಿಕ್ಕಿ ಲೋಡು, ಎಲ್ಲಾ ಒಂದೇ ಬಿಳಿ ಮ್ಯಾಟಿದು ಆಗಬೇಕು ಅಂದ್ಳು. ಯಪ್ಪಾ, ಆಕಿ ಕಾಟ ಏನು ಕೇಳ್ತೀರಿ! ನಾ ನವಿಲು ತೆಗದಿದ್ದೆ. “ತೋಬಾ ತೋಬಾ, ಪ್ರಾಣಿ ಪಕ್ಷಿ ಬ್ಯಾಡ, ಬಳ್ಳಿ ತೆಗಿ,” ಅಂದ್ಳು. ಬಳ್ಳಿ ತೆಗದೆ. “ಇದು ಗಿಣಿ ಹಸರು, ನನಗ ಮಾವಿನೆಲಿ ಹಸರು ಬೇಕು,” ಅಂದ್ಳು. ಬಿಚ್ಚಿ ಮತ್ತ ತೆಗದೆ. ಅರಿವಿ ಹಿಂದ ಒಂದು ಗಂಟು ಕಂಡದ್ದಕ್ಕ ನಮ್ಮ ಪಡಸಾಲ್ಯಾಗ ಕುಂತು ಚಾ ಕುಡಕೊಂತ ಜಗಳ ಮಾಡಿದ್ಳು. ಈಕಿಗಿ ಸೊಸಿ ಆಗಿ ಬರಾಕಿ ಪುಣ್ಯವಂತಿ ಅಲ್ಲ ಬಿಡು, ಅಂತ ನಾ ಮನಸಿನ್ಯಾಗೇ ಅಂದುಕೊಂಡೆ.

ಮದುವಿ ಹಿಂದಿನ ದಿನ ಮುಂಜಾನಿ ಪಿಂಜಾರ ಮೌಲಾಲಿ ಕಾಕಾ ತನ್ನ ಕಮಾನು ಹೆಗಲಿಗಿ ಹಾಕ್ಕೊಂಡು ಬಂದು ನಮ್ಮ ಅಂಗಳದಾಗ ಹತ್ತಿ ಹಿಂಜಿದ. ಟಂಯ್ ಟಂಯ್ ಅಂತ ಹೊಡದಂಗೆಲ್ಲಾ ಹತ್ತಿ ಹಾರಿ, ಅಂಗಳ ಪೂರಾ ಬೆಳ್ಳಗಾಯ್ತು. ಅತ್ತಿ ನನಗ ಲೋಡು ಮುಟ್ಟಗೊಡಲಿಲ್ಲ. “ಮದುವಿ ಲೋಡವ, ಮಾನದ ಪ್ರಶ್ನೆ ಅದ, ನೀ ಸರಿ,” ಅಂತ ಎಲ್ಲಾ ತಾನೇ ತುಂಬಿದ್ಳು. ಆಕಿ ತುಂಬಿ ತುಂಬಿ ಕೊಟ್ಟಂಗ ನಾ ಬಾಯಿ ಹೊಲದೆ, ಎಲ್ಲಿ ಹೊಲದೀನಿ ಅಂತ ನನಗೇ ಕಾಣಬಾರದು ಹಂಗ. ಮಧ್ಯಾಹ್ನ ಸಾಹೇಬರ ಜೀಪು ಬಂದು ಎಲ್ಲಾ ತಗೊಂಡು ಹೋಯ್ತು. ಕೆಲಸ ಮುಗೀತು ಅಂತ ನಾ ಕಾಲು ಚಾಚಿ ಕುಂತೆ.

ಸಂಜಿಕ ಅತ್ತಿ ಕೈಕಾಲು ಮಾರಿ ತೊಳಕೊಂಡು ಲಿಂಗಪೂಜಿಗಿ ಕುಂತ್ಳು. ಕುಂತಾಕಿ ಎದಿ ಮುಟ್ಟಿ ನೋಡಿಕೊಂಡ್ಳು. ಮತ್ತ ನೋಡಿಕೊಂಡ್ಳು. ಆಮ್ಯಾಲ “ಯವ್ವಾ, ನಾ ಸತ್ತೆ!” ಅಂತ ಚೀರಿದ್ಳು ನೋಡ್ರಿ, ಕೈಯಾಗಿನ ಚಿಮಣಿ ಬಿಡೋದೊಂದು ಬಾಕಿ ನಾ.

ಕೊರಳಾಗ ಲಿಂಗ ಇದ್ದಿಲ್ಲ.

ಆಕಿಗಿ ಲಿಂಗ ಇಡೋ ಬೆಳ್ಳಿ ಕರಡಗಿ ಭಾರ ಅನಿಸ್ತಿತ್ತು. ಲಿಂಗ ಬಿಳಿ ಅರಿವ್ಯಾಗ ಸುತ್ತಿ, ಶಿವದಾರಕ್ಕ ಕಟ್ಟಿ, ಎದಿ ಮ್ಯಾಲ ಹಾಕ್ಕೊಂಡಿರತಿದ್ಳು. ಆಕಿ ಇನ್ನೂ ತಾಯಿ ಹೊಟ್ಟ್ಯಾಗ ಇದ್ದಾಗ ಗುರುಗಳು ಬಂದು ಕೂಸಿನ ಹೆಸರಿಲೆ ತಾಯಿ ಕೊರಳಿಗಿ ಕಟ್ಟಿದ ಲಿಂಗ ಅಂತ ಅದು. ಲಿಂಗಪೂಜಿ ಆಗೋತನಕ ಆಕಿ ಹನಿ ನೀರು ಸೈತ ಬಾಯಿಗಿ ಹಾಕಾಕಿ ಅಲ್ಲ. ಅಂದ್ರ ಲಿಂಗ ಸಿಗೋತನಕ ನೀರಿಲ್ಲ. ಅದೂ ಸೇಡಂ ಬಿಸಲಾಗ.

ಮನಿ, ಅಂಗಳ, ಬಚ್ಚಲ, ತಿಪ್ಪಿ, ಎಲ್ಲಾ ಜಾಲಾಡಿದ್ವಿ. ಮೌಲಾಲಿ ಕಾಕಾ ಸುದ್ದಿ ಕೇಳಿ ಓಡಿ ಬಂದು, ಹತ್ತಿ ಹಿಂಜಿದ ಜಾಗಾ ಎಲ್ಲಾ ಮೊಣಕಾಲೂರಿ ಹುಡುಕಿದ. ಸಿಗಲಿಲ್ಲ. ಮುಂಜಾನಿ ಆಗೋದರಾಗ ಅತ್ತಿ ಪಡಸಾಲಿ ಫರಸಿ ಮ್ಯಾಲ ಕಟಗಿ ಹಂಗ ಬಿದ್ದಿದ್ಳು. ತುಟಿ ಒಡದಿದ್ವು. ನನ್ನ ಗಂಡ ಡ್ಯೂಟಿಗಿ ಹೋಗದ ಬಾಜೂಕ ಕುಂತು ಬೀಸಣಿಗಿ ಬೀಸಾಕತ್ತಿದ್ದ. “ರತ್ನಾ, ಪೊಲೀಸ್ ಕಂಪ್ಲೇಂಟ್ ಕೊಡೋಣೇನು?” ಅಂದ. ಏನನ್ನಬೇಕ್ರಿ ಇಂಥಾ ಗಂಡಸಿಗಿ? ಪೊಲೀಸರು ಬಂದು ಯಾರನ್ನ ಹಿಡಿಬೇಕು, ದೇವರನ್ನೇನು?

ಮಠದ ಮಡಿವಾಳಯ್ಯನವರನ್ನ ಕರೆಸಿದ್ವಿ. ಅಯ್ನೋರು ಅತ್ತಿ ತೆಲಿ ಹತ್ರ ಕುಂತು, “ತಾಯಿ, ಹಿಂಗ ದೇಹ ದಂಡಿಸಬ್ಯಾಡ್ರಿ. ನಾ ಬ್ಯಾರೆ ಲಿಂಗ ಕೊಡ್ತೀನಿ, ದೀಕ್ಷಾ ಕೊಡ್ತೀನಿ. ಪೂಜಿ ಮಾಡಿ ನೀರು ಕುಡೀರಿ,” ಅಂದ್ರು.

ಅತ್ತಿ ಕಣ್ಣು ತೆಗೀಲಿಲ್ಲ. “ಅಯ್ನೋರೆ, ಗಂಡ ಸಂಜಿಕ ಮನಿಗಿ ಬರಲಿಲ್ಲಂತ ಮುಂಜಾನಿ ಬ್ಯಾರೆ ಗಂಡನ್ನ ಮಾಡಿಕೊಂತಾರೇನು?” ಅಂದ್ಳು.

ನನಗ ಸಿಟ್ಟೂ ಬಂತು, ಹೆದರಿಕಿನೂ ಬಂತು. ಎದ್ದು ಅಂಗಳಕ್ಕ ಹೋಗಿ, ಉಳದ ಹತ್ತಿ ತುಂಬಿಟ್ಟ ಬುಟ್ಟಿ ಸಿಟ್ಟಿಲೆ ಬೋರಲು ಹಾಕಿದೆ. ನಿನ್ನಿ ಅತ್ತಿ ಇದೇ ಬುಟ್ಟಿಲಿಂದ ಹತ್ತಿ ತೆಗದು ತುಂಬ್ಯಾಳ. ಹತ್ತಿ ಬೆರಳಿಲೆ ಕೆದರಿದೆ. ಗೇಣುದ್ದ ದಾರ ಸಿಕ್ತು, ಬೆವರಿಗಿ ಕರ್ರಗಾದ ದಾರ. ಆಕಿ ಶಿವದಾರದ ತುಂಡು.

ಹೆಗಲತನಕ ಕೈ ಹಾಕಿ, ಗದ್ದ ಊರಿ ಗುದ್ದತಾಳಲ್ಲ, ಆವಾಗ ಹಳೀ ದಾರ ಹರದಾದ. ಬಿಳಿ ಅರಿವ್ಯಾಗ ಸುತ್ತಿದ ಲಿಂಗ ಬಿಳಿ ಹತ್ತ್ಯಾಗ ಬಿದ್ದಾದ. ಬಿದ್ದದ್ದು ಕಾಣದ ಆಕಿ ಗುದ್ದಿ ಒಳಗ ಕಳಿಸ್ಯಾಳ, ನಾ ಬಾಯಿ ಹೊಲದೀನಿ, ಜೀಪು ತಗೊಂಡು ಹೋಗ್ಯಾದ. ನಮ್ಮತ್ತಿ ಜೀವ ಶಹಾಬಾದದಾಗ ಯಾವುದೋ ಲೋಡಿನೊಳಗ ಕುಂತಾದ. ಇವತ್ತ ಮಧ್ಯಾಹ್ನ ಅದಕ್ಕ ಒಬ್ಬ ದುಲ್ಹಾ ಬೆನ್ನು ಹಚ್ಚಿ ಕುಂದ್ರಾಂವ!

“ಅತ್ತಿ, ಗೊತ್ತಾಯ್ತು ಎಲ್ಲದ ಅಂತ! ಜೀವ ಗಟ್ಟಿ ಹಿಡಕೊಂಡಿರ್ರಿ, ನಾ ತರ್ತೀನಿ!” ಅಂತ ಕಿವ್ಯಾಗ ಒದರಿ, ಚಪ್ಪಲಿ ಮೆಟ್ಟಿ ಸ್ಟೇಶನ್ನಿಗಿ ಓಡಿದೆ.

ಆ ಪ್ಯಾಸೆಂಜರ್ ಗಾಡಿ! ಎತ್ತಿನ ಬಂಡಿ ಅದಕ್ಕಿಂತ ಜಲ್ದಿ ಹೋಗ್ತಿತ್ತು. ಚಿತ್ತಾಪುರ ಹೊರಗ ಸಿಗ್ನಲ್ ಇಲ್ಲಂತ ನಿಂತು ಬಿಡ್ತು. ನಾ ಕಿಡಕ್ಯಾಗ ಮುಖ ಹಾಕಿ ಬೈದೆ, ಯಾರಿಗಿ ಬೈದೆ ನನಗೇ ಗೊತ್ತಿಲ್ಲ. ವಾಡಿ ಜಂಕ್ಷನ್ನಿನ್ಯಾಗ ಇಳದು ಇನ್ನೊಂದು ಗಾಡಿ ಹಿಡದು ಶಹಾಬಾದ ಮುಟ್ಟೋದರಾಗ ಬಿಸಲು ನೆತ್ತಿಗಿ ಬಂದಿತ್ತು.

ದಾರಿ ಪೂರಾ ಒಂದೇ ವಿಚಾರ. ಏನಂತ ಹೇಳ್ಲಿ? ನಮ್ಮ ದೇವರು ನಿಮ್ಮ ಅಳಿಯನ ಬೆನ್ನಿನ ಕೆಳಗ ಅದಾನ ಅಂತ ಹೇಳ್ಲೇನು? ಮದುವಿ ಮನಿ. ಅವರು ಏನಂದುಕೊಂತಾರೋ, ಇತ್ಲಾಗ ಸೇಡಂದಾಗಿನ ಮಂದಿ ಏನಂತಾರೋ. ನೂಲಿಗೊಂದು ತಕರಾರು ತೆಗಿಯೋ ಸರ್ವರಬೇಗಂ, ಮದುವಿ ದಿನ ಲೋಡು ಬಿಚ್ಚಲಿಕ್ಕಿ ಬಿಡತಾಳೇನು? ಕಡೀಕ ಒಂದು ಸುಳ್ಳು ಹೊಳೀತು. ಭಾಳ ಛಲೋ ಸುಳ್ಳು ಅನಿಸ್ತು ಆವಾಗ.

ಸಾಹೇಬರ ಮನಿ ಮುಂದ ಶಾಮಿಯಾನಾ ಹಾಕ್ಯಾರ, ಬಿರ್ಯಾನಿ ವಾಸನಿ ಗಂವ್ ಅಂತ ಬರಾಕತ್ತಾದ, ಹೈದರಾಬಾದದ ಬೀಗರು ಬಂದು ತುಂಬ್ಯಾರ. ದೊಡ್ಡ ಪಡಸಾಲಿ, ನುಣ್ಣನ ಫರಸಿ, ಕಿಡಕಿಗೆಲ್ಲಾ ನನ್ನ ಮ್ಯಾಟಿ ಪರದಾ, ಗೋಡಿ ಗುಂಟ ನನ್ನ ಲೋಡು. ಭಾಳ ಚೆಂದ ಕಾಣತಿತ್ತು. ಆದ್ರ ಚೆಂದ ನೋಡಲಿಕ್ಕಿ ನನಗ ಕಣ್ಣೆಲ್ಲಿದ್ವು? ಸರ್ವರಬೇಗಂ ಜರಿ ದುಪಟ್ಟಾ ಹೊದ್ದು ಎದುರಿಗಿ ಬಂದ್ಳು.

“ರತ್ನಾಬಾಯಿ, ನೀ ಇಲ್ಲಿ? ಬಾ ಬಾ.”

“ಆಪಾ, ಅನಾಹುತ ಆಗ್ಯಾದ. ಒಂದು ಲೋಡಿನ್ಯಾಗ ನನ್ನ ದೊಡ್ಡ ಸೂಜಿ ಉಳದಾದ. ದುಲ್ಹಾಗ ಚುಚ್ಚತದ. ಒಂದೀಟು ಬಿಚ್ಚಿ ನೋಡಿ ಮತ್ತ ಹೊಲದು ಕೊಡ್ತೀನಿ.”

“ಯಾ ಅಲ್ಲಾ! ಸೂಜಿ!” ಅಂತ ಆಕಿ ಬಾಯಿ ಬಡಕೊಂಡ ದನಿಗಿ ಮನಿ ಎಲ್ಲಾ ಕೂಡ್ತು. ಲೋಡೆಲ್ಲಾ ಹೊರಗ ಶಾಮಿಯಾನಾದಾಗ ಬಂದು ಬಿದ್ವು. ನಾ ಇನ್ನೂ ಕುಂತು ಹೊಲಿಗಿ ಹುಡುಕ್ಬೇಕಂತೀನಿ, ಅಷ್ಟರಾಗ ಬೇಗಮ್ಮನ ತಮ್ಮ ಜಿಲಾನಿ ಒಂದು ಬಿದಿರು ಬಡಗಿ ತಗೊಂಡು, “ಬಿಚ್ಚೋದ್ಯಾಕ? ಹೊಡದ್ರ ಸೂಜಿ ತಾನೇ ಹೊರಗ ಬರ್ತದ,” ಅಂತ ಧಪ್ ಧಪ್ ಅಂತ ಲೋಡು ಹೊಡೀಲಿಕ್ಕೇ ಸುರು ಮಾಡಿದ. ಅವನನ್ನ ನೋಡಿ ಇನ್ನಿಬ್ಬರು ಬಡಗಿ ತಗೊಂಡ್ರು. ಮದುವಿ ಮನಿ ಹೋಗಿ ಜೋಳದ ಕಣ ಆಯ್ತು.

ಒಂದೊಂದು ಪೆಟ್ಟೂ ನಮ್ಮತ್ತಿ ಎದಿ ಮ್ಯಾಲ ಬಿದ್ದಂಗ ಕಾಣ್ತು. ಓಡಿ ಹೋಗಿ ಲೋಡಿನ ಮ್ಯಾಲ ಬೋರಲು ಬಿದ್ದೆ.

“ಹೊಡಿಬ್ಯಾಡ್ರಿ! ನಿಮ್ಮ ಕಾಲು ಬೀಳ್ತೀನಿ ಹೊಡಿಬ್ಯಾಡ್ರಿ! ಸೂಜಿ ಅಲ್ಲ, ಅದರಾಗ ನಮ್ಮತ್ತಿ ಲಿಂಗ ಅದ!”

ಜಿಲಾನಿ ಬಡಗಿ ಕೆಳಗಿಟ್ಟು ಎರಡು ಹೆಜ್ಜಿ ಹಿಂದಕ್ಕ ಸರದ. ಸರ್ವರಬೇಗಂ ನನ್ನ ಮುಂದ ಬಂದು ಕುಂತು, “ಏನಂದಿ? ಮತ್ತೊಮ್ಮಿ ಹೇಳು,” ಅಂದ್ಳು.

ಹೇಳಿದೆ. ಹತ್ತಿ ತುಂಬಿದ್ದು, ದಾರ ಹರದದ್ದು, ಅಯ್ನೋರು ಬಂದದ್ದು, ಎಲ್ಲಾ ಅಳಕೊಂತ ಹೇಳಿದೆ. “ನಿನ್ನಿ ಸಂಜಿಯಿಂದ ಹನಿ ನೀರು ಕುಡದಿಲ್ಲ ಆಪಾ. ಉಗುಳು ಸೈತ ನುಂಗವಲ್ಳು. ಇದು ಹೋಗಿ ಮುಟ್ಟಲಿಲ್ಲಂದ್ರ ಮುದುಕಿ ಉಳಿಯಂಗಿಲ್ಲ.”

“ನೀರೂ ಇಲ್ಲ? ಇಂಥಾ ಬಿಸಲಾಗ?” ಆಕಿ ನನ್ನ ರಟ್ಟಿ ಹಿಡದು ಜಗ್ಗಿ ಎಬ್ಬಿಸಿದ್ಳು. “ಬೇವಕೂಫ್! ಬಂದ ಕೂಡ್ಲೆ ಯಾಕ ಹೇಳಲಿಲ್ಲ? ಸೂಜಿ ಅಂತ, ಸೂಜಿ! ರೋಜಾ ಉಪಾಸ ಇಡೋ ಮಂದಿಗಿ ನೀರಿಲ್ಲದ ಗಂಟಲು ಹೆಂಗಿರ್ತದ ಅಂತ ಗೊತ್ತಿಲ್ಲೇನು? ನಾವೇನು ಮನಶ್ಯಾರಲ್ಲೇನು?”

ನನಗ ನೆಲ ಸೀಳಿ ಒಳಗ ಹೋಗಬೇಕು ಅನಿಸ್ತು. ಆದ್ರ ಅದಕ್ಕೂ ಟೈಮ್ ಇದ್ದಿಲ್ಲ. ಹೊಲಿಗಿ ಬಿಚ್ಚಲಿಕ್ಕಿ ಕುಂತೆ. ಕಾಣದಂಗ ಹೊಲದಿದ್ನಲ್ಲಾ, ಈಗ ನನಗೇ ಕಾಣವಲ್ದು. ಸಿಕ್ಕ ದಾರ ಬೆರಳಿನಿಂದ ಜಾರಾಕತ್ತಾದ. ಬೇಗಂ ಸ್ವಲ್ಪೊತ್ತು ನೋಡಿದ್ಳು. ಆಮ್ಯಾಲ ಒಳಗ ಹೋಗಿ ದೊಡ್ಡ ಕತ್ತರಿ ತಂದ್ಳು.

“ಬ್ಯಾಡ್ರಿ ಆಪಾ!” ಅಂದೆ. “ಮ್ಯಾಟಿಗಿ ಅಡ್ಡ ಕತ್ತರಿ ಬಿದ್ರ ನೂಲು ಬಿಚ್ಚಿಕೊಂತ ಹೋಗ್ತಾವ. ಮತ್ತ ಕೂಡ್ಸಲಿಕ್ಕಿ ಬರಂಗಿಲ್ಲ. ಅಷ್ಟು ಚೆಂದ ಬಳ್ಳಿ—”

“ಸುಟ್ಟಿತು ನಿನ್ನ ಬಳ್ಳಿ! ಅಲ್ಲಿ ಜೀವ ಒಣಗಾಕತ್ತಾದ,” ಅಂದಾಕಿ, ಹಸರಿನ ಸಲುವಾಗಿ ನನಗ ಅಷ್ಟು ಕಾಡಿದಾಕಿ, ಆ ಮಾವಿನೆಲಿ ಬಳ್ಳಿ ನಡಬರಕ ಕತ್ತರಿ ಹಾಕಿ ಈ ತುದಿಯಿಂದ ಆ ತುದಿತನಕ ಸೀಳಿ ಬಿಟ್ಳು. ಹತ್ತಿ ಹೊರಗ ಉಕ್ಕಿ ಬಂತು. ಬೀಗರ ಹೆಂಗಸರೂ ಜರಿ ಸೀರಿ ಉಟ್ಟೇ ನೆಲಕ್ಕ ಕುಂತು ಹತ್ತಿ ಬಿಡಿಸಿ ಬಿಡಿಸಿ ನೋಡಿದ್ರು. ಇಲ್ಲ. ಇನ್ನೊಂದು ಸೀಳಿದ್ಳು. ಇಲ್ಲ. ನನ್ನ ಬಾಯಾಗ ಶಿವ ಶಿವ ಅನ್ನೋದು ಬಿಟ್ರ ಬ್ಯಾರೆ ಮಾತಿಲ್ಲ. ಬಾಜೂಕ ಕುಂತ ಮುದುಕಿ ಒಬ್ಬಾಕಿ ಅಲ್ಲಾ ಅಲ್ಲಾ ಅನ್ನಾಕತ್ತಿದ್ಳು.

ದುಲ್ಹಾನ ಬೆನ್ನಿಗಿ ಇಡೋ ದೊಡ್ಡ ಲೋಡು ಸೀಳಿದಾಗ ಹತ್ತ್ಯಾಗ ಏನೋ ಗಟ್ಟಿ ಬೇಗಮ್ಮನ ಬೆರಳಿಗಿ ಹತ್ತಿರಬೇಕು. ಆಕಿ ಥಟ್ನೆ ಕೈ ಹಿಂದಕ್ಕ ತಗೊಂಡು, “ರತ್ನಾಬಾಯಿ, ನೀನೇ ನೋಡು. ನಾ ಮುಟ್ಟಂಗಿಲ್ಲ,” ಅಂದ್ಳು.

ಹತ್ತಿ ಸರಿಸಿದೆ. ಬಿಳಿ ಅರಿವಿ ಸುತ್ತಿದ ಸಣ್ಣ ಗಂಟು, ಹರದ ದಾರ ಬಾಜೂಕ. ಬಿಚ್ಚಲಿಲ್ಲ, ಅರಿವಿ ಮ್ಯಾಲಿಂದೇ ಹಿಡದು ನೋಡಿದೆ. ಒಳಗ ಇಡೀ ಇತ್ತು. ಒಡದಿದ್ದಿಲ್ಲ, ಬಿರಿದಿದ್ದಿಲ್ಲ. ಅತ್ತಿ ಅಷ್ಟು ಗಟ್ಟಿ ತುಂಬಿದ್ದಕ್ಕ ಜಿಲಾನಿ ಬಡಗಿ ಪೆಟ್ಟು ಒಳಗ ಮುಟ್ಟಿದ್ದೇ ಇಲ್ಲ. ಹೋದ ಜೀವ ಬಂದಂಗಾಯ್ತು. “ಸಿಕ್ತು,” ಅಂದೆ. ಜಿಲಾನಿ “ಶುಕರ್ ಹೈ” ಅಂತ ಮುಖ ಒರಸಿಕೊಂಡ. ಬೀಗರ ಹೆಂಗಸರು ನಕ್ರು, ಅತ್ರು, ಒಬ್ಬರನ್ನೊಬ್ಬರು ಅಪ್ಪಿಕೊಂಡ್ರು. ಮದುವಿ ಅವರದೋ ನಮ್ಮದೋ ತಿಳೀಲಾರದಂಗಾಯ್ತು.

ಬೇಗಂ ಸೀಳಿದ ಅರಿವ್ಯಾಗಿಂದ ಒಂದು ಚೌಕ ಕತ್ತರಿಸಿ ಕೊಟ್ಟು, “ಇದರಾಗ ಸುತ್ತು, ಹೊಸಾದದ,” ಅಂದ್ಳು. ಆಮ್ಯಾಲ ಬಾಗಲ ಕಡಿ ತಿರುಗಿ, “ಅಮೀರ್ ಅಲಿ! ಜೀಪು ತೆಗಿ. ಈಕಿನ್ನ ಸೀದಾ ಸೇಡಂಕ ಬಿಟ್ಟು ಬಾ,” ಅಂದ್ಳು.

ಡ್ರೈವರ್ ಅಮೀರ್ ಅಲಿ ತೆಲಿ ಕೆರಕೊಂಡ. “ಬೇಗಂಸಾಬ್, ಇದು ಬಿಡಾರದಿಂದ ದುಲ್ಹಾನ್ನ ಕರಕೊಂಡು ಬರೋ ಜೀಪು. ಹೂವು ಕಟ್ಟೀವಿ.”

“ದುಲ್ಹಾ ಹರೇದಾಂವ ಅದಾನ, ನಡಕೊಂತ ಬರಲಿ.”

“ಆಪಾ, ಲೋಡು...” ಅಂದೆ.

“ಹೋಗ್ತೀಯೋ ಇಲ್ಲೋ? ಲೋಡಿಲ್ಲದ ಯಾರ ಮದುವಿ ನಿಂತಾದ? ಗೋಡಿಗಿ ಒರಗತಾರ ಬಿಡು.”

ಹಿಂಗಾಗಿ ನಾ ಮಲ್ಲಿಗಿ ಮಾಲಿ ತೂಗಿಬಿಟ್ಟ ಜೀಪಿನ್ಯಾಗ, ಮಾಸಿದ ಸೀರಿ ಉಟ್ಟು, ತೆಲಿ ತುಂಬ ಹತ್ತಿ ಹತ್ತಿಸಿಕೊಂಡು, ಎದಿಗಿ ಗಂಟು ಒತ್ತಿ ಹಿಡಕೊಂಡು ಹೊಂಟೆ. ವಾಡಿ ದಾಟಿದ್ವಿ, ಚಿತ್ತಾಪುರ ದಾಟಿದ್ವಿ. ದಂಡೋತಿ ಹತ್ರ ಕಾಗಿಣಾ ದಾಟುವಾಗ ದನ ಕಾಯೋರು ಮದಲಗಿತ್ತಿ ಬಂದ್ಳಂತ ನೋಡಲಿಕ್ಕಿ ಓಡಿ ಬಂದು, ನನ್ನ ಮಾರಿ ನೋಡಿ ಹೌಹಾರಿ ನಿಂತ್ರು. ಅಮೀರ್ ಅಲಿ ನಗು ತಡಕೊಳ್ಳಾಕತ್ತಿದ್ದ. ನನಗೂ ನಗು ಬಂತು, ಮರು ಗಳಿಗ್ಯಾಗ ಹೆದರಿಕಿ ಬಂತು. ತಡ ಆಗಿದ್ರ? “ಜೋರಾಗಿ ಹೊಡಿ ತಮ್ಮಾ,” ಅಂದೆ.

ಮನಿ ಮುಂದ ಮಂದಿ ಕೂಡಿದ್ದು ನೋಡಿ ಜೀಪು ನಿಲ್ಲೋದರಾಗ ಕೆಳಗ ಜಿಗದೆ. ಮಂದಿ ಸರಿಸಿ ಒಳಗ ಹೋದೆ. ನನ್ನ ಗಂಡ ಅತ್ತಿ ಅಂಗಾಲಿಗಿ ಹಸಿ ಅರಿವಿ ಹಚ್ಚಾಕತ್ತಿದ್ದ. ಆಕಿ ಎದಿ ಸಣ್ಣಗ ಏರಿ ಇಳ್ಯಾಕತ್ತಿತ್ತು. ಇತ್ತು, ಉಸುರು ಇತ್ತು!

“ಅತ್ತಿ, ತಂದೀನಿ.”

ಆಕಿ ಕಣ್ಣು ತೆಗದ್ಳು. ಅಂಗೈಯಾಗ ಗಂಟು ಇಟ್ಟೆ. ಬೆರಳಾಡಿಸಿ ನೋಡಿ, ಒಳಗಿನ ಅರಿವಿ ಬಿಚ್ಚಿ, ಎದಿಗಿ ಹಚ್ಚಿಕೊಂಡ್ಳು. ಬಾಯಿಲಿಂದ ದನಿ ಬರವಲ್ದು. ಬಗ್ಗಿ ಕಿವಿ ಕೊಟ್ಟೆ.

“ನೆಲಕ್ಕ ಬಿದ್ದಿತ್ತೇನ?”

“ಇಲ್ಲತ್ತಿ. ನೀವೇ ತುಂಬಿದ ಹತ್ತ್ಯಾಗ ಮೆತ್ತಗ ಕುಂತಿತ್ತು. ಯಾರೂ ಮುಟ್ಟಿಲ್ಲ, ಯಾರೂ ತುಳದಿಲ್ಲ.”

ಆಕಿ ಕಣ್ಣಾಗ ನೀರು ಬಂತು. ಇಷ್ಟು ಒಣಗಿದ ಮೈಯಾಗ ಅದೆಲ್ಲಿ ಉಳದಿತ್ತೋ. ಜಳಕ ಮಾಡಸ್ರಿ ಅಂತ ಸನ್ನಿ ಮಾಡಿದ್ಳು. ಮಾಡಿಸಿದೆ. ನನ್ನ ಗಂಡ ಹಿಂದಿನಿಂದ ಹಿಡಕೊಂಡು ಕುಂದ್ರಿಸಿದ, ಅಯ್ನೋರು ವಿಭೂತಿ ಕೊಟ್ರು. ಎಡಗೈಯಾಗ ಲಿಂಗ ಇಟ್ಟುಕೊಂಡು, ಪೂಜಿ ಮಾಡಿದ್ಳು. ಒಂದೀಟೂ ಕಡಿಮಿ ಮಾಡಲಿಲ್ಲ, ಒಂದೀಟೂ ಗಡಬಡಿ ಮಾಡಲಿಲ್ಲ. ಲಗೂನ ಮುಗಸ್ರಿ ಅಂತ ನಾ ಒಳಗೊಳಗೇ ಒದ್ದಾಡಿದೆ. ಕಡೀಕ ಲಿಂಗಕ್ಕ ಎರದ ನೀರು ಬಾಯಿಗಿ ಹಾಕ್ಕೊಂಡ್ಳು. ಗಂಟಲು ಗುಟುಕ್ ಅಂದದ್ದು ಇಡೀ ಪಡಸಾಲಿಗಿ ಕೇಳಿಸ್ತು. ಅಯ್ನೋರು “ಶಿವಾ” ಅಂತ ದೊಡ್ಡ ಉಸುರು ಬಿಟ್ರು. ನನ್ನ ಗಂಡ ತಾಯಿ ಹೆಗಲ ಮ್ಯಾಲ ಮಾರಿ ಇಟ್ಟು ಸಣ್ಣ ಕೂಸಿನಂಗ ಅತ್ತ. ನಾ ಕಂಬಕ್ಕ ಒರಗಿ ಕುಂತು ಬಿಟ್ಟೆ.

ತುಸು ಹೊತ್ತಿಗಿ ಆಕಿಗಿ ದನಿ ಬಂತು. “ರತ್ನಾ, ಇಲ್ಲಿ ಬಾ.”

ಈಗ ಲೋಡಿನ ಸುದ್ದಿ ತೆಗದು ಬೈತಾಳ ಅಂದುಕೊಂಡು ಹೋಗಿ ಮುಂದ ಕುಂತೆ. ಆಕಿ ನನ್ನ ಗದ್ದ ಹಿಡದು ಬೆಳಕಿಗಿ ತಿರುಗಿಸಿದ್ಳು.

“ನಿನ್ನ ತುಟಿ ಯಾಕ ಹಿಂಗ ಒಡದಾವ? ನೀ ಯಾವಾಗ ಕುಡದಿ ನೀರು?”

ನೆನಸಿಕೊಂಡೆ. ಶಹಾಬಾದದಾಗ ಇಲ್ಲ. ವಾಡ್ಯಾಗ ಇಲ್ಲ. ಮುಂಜಾನಿ ಮನ್ಯಾಗ, ಇಲ್ಲ. ನಿನ್ನಿ ಸಂಜಿ ಆಕಿ ಚೀರಿದ ಮ್ಯಾಲ ಕೊಡದ ಕಡಿ ಕೈ ಹೋದ ನೆನಪೇ ಇಲ್ಲ. ಬೇಕಂತ ಬಿಟ್ಟಿದ್ದಲ್ಲ, ಖರೇನ ಹೇಳ್ತೀನಿ. ನೀರು ಅನ್ನೋದೇ ನೆನಪಾಗಿದ್ದಿಲ್ಲ.

“ಗೊತ್ತಿಲ್ಲತ್ತಿ,” ಅಂದೆ.

“ಗೊತ್ತಿಲ್ಲಂತ! ಹುಚ್ಚಿ!” ಆಕಿ ತನಗಂತ ಇಟ್ಟ ತಂಬಗಿ ಎರಡೂ ಕೈಲೆ ಎತ್ತಿ ನನ್ನ ಬಾಯಿ ಮುಂದ ಹಿಡದ್ಳು. “ನಾ ನನ್ನ ಲಿಂಗದ ಸಲುವಾಗಿ ಕುಡೀಲಿಲ್ಲ. ನೀ ಯಾರ ಸಲುವಾಗಿ ಬಿಟ್ಟಿ?”

ಆಕಿ ಹಿಡದ ತಂಬಗಿಗಿ ಬಾಯಿ ಹಚ್ಚಿ, ನೀರು ಪೂರಾ ಕುಡದೆ.